ಏರ್ ಸ್ಕ್ರೂ ತಿರುಗಿಸಿದವನು

ಮೊನ್ನೆ ಕಲಬುರಗಿಯ ಕುಸನೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಹಳೆಯ ಬೈಕಿನ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಮನಸ್ಸಿನಲ್ಲೇ ಮತ್ತೆ ಕಮಲಾಪುರದಲ್ಲಿದ್ದೆ...

ಆಗ ನಾನು ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ದಿನಾ ಕಲಬುರಗಿಯಿಂದ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಪಾಠ ಬಿಟ್ಟರೆ ನನಗೆ ಬೇರೆ ಮಾತೇ ಇರಲಿಲ್ಲ. ಮನೆಗೆ ಬಂದರೆ ಗೋಡೆಯ ಮುಖ ನೋಡಬೇಕು. ಹಾಗಾಗಿ ಗಾಡಿ ಕೆಡಲಿ ಬಿಡಲಿ, ಶನಿವಾರ ಶಾಲೆ ಬಿಟ್ಟೊಡನೆ ಹೆದ್ದಾರಿ ಬದಿಯ ಮೆಕ್ಯಾನಿಕ್ ಅಂಗಡಿಗೆ ಹೋಗುತ್ತಿದ್ದೆ. ಎಲ್ಲರೂ ಆ ಅಂಗಡಿಯವರನ್ನು ಉಸ್ತಾದ ಎನ್ನುತ್ತಿದ್ದರು, ನಾನೂ.

ಪೆಟ್ರೋಲು-ಗಾಳಿಯ ಮಿಕ್ಚರ್ ಹೊಂದಿಸುವುದರಲ್ಲಿ ಅವರದು ಎತ್ತಿದ ಕೈ. ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಏರ್ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತ ಕಿವಿಗೊಡುವರು. ಆಗ ಯಾರೂ ಪಿಟ್ಟೆನ್ನುವಂತಿಲ್ಲ. ಪಕ್ಕದ ಪಾನ್ ಅಂಗಡಿಯವನೂ ರೇಡಿಯೊ ಬಂದ್ ಮಾಡಬೇಕು. "ಸುಮ್ಮನಿರ್ರೀ ಮಾಸ್ತರ, ಗಾಡಿ ಮಾತಾಡಾಕತ್ತದ" ಎನ್ನುವರು. ನನ್ನ ಮನೆಯ ಮೌನ ನನ್ನನ್ನು ಕೊಲ್ಲುತ್ತಿತ್ತು. ಅಲ್ಲಿಯ ಮೌನದಲ್ಲಿ ಮಾತ್ರ ಯಾರೋ ಜತೆಗಿದ್ದಾರೆ ಅನ್ನಿಸುತ್ತಿತ್ತು.

ಎರಡು ವರ್ಷದ ಮೇಲೆ ಬೈಕ್ ಪೆಟ್ರೋಲು ಹೆಚ್ಚಾಗಿ ಕರಿ ಹೊಗೆ ಉಗುಳತೊಡಗಿತು. ಅವರು ಹೊಂದಿಸಿಕೊಟ್ಟ ದಿನವೇ ಪ್ಲಗ್ ಮಸಿ ಹಿಡಿಯುತ್ತಿತ್ತು. ಹಿಂದಿನಿಂದ ಕರೆದರೆ ಅವರು ತಿರುಗಿ ನೋಡದಿದ್ದಾಗ ತಿಳಿಯಿತು, ಉಸ್ತಾದರ ಕಿವಿ ಮಂದವಾಗುತ್ತಿದೆ ಎಂದು. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಒಪ್ಪಿರಲಿಲ್ಲವೋ... ಹೇಳಿದರೆ ನನ್ನ ಶನಿವಾರಗಳೇ ಹೋಗುತ್ತವೆ ಎಂದು ಹೆದರಿದೆ. ಪಾಪ, ಅವರ ಮನಸ್ಸು ನೋಯಬಾರದು ಅಂತ ನೆಪ ಹೇಳಿಕೊಂಡೆ, ಅಷ್ಟೆ. ಊರು ದಾಟಿ, ಕೆಂಪು ಬಾಳೆಹಣ್ಣು ಮಾರುವವರ ಹತ್ತಿರ ನಿಲ್ಲಿಸಿ, ಗಾಳಿ ಹೆಚ್ಚಾಗಲೆಂದು ನಾನೇ ಸ್ಕ್ರೂ ಕಾಲು ಸುತ್ತು ಸಡಿಲಿಸಿಕೊಂಡು ಬರುತ್ತಿದ್ದೆ. ಮುಂದಿನ ವಾರ ಹೊಗೆಯಿಲ್ಲದ್ದನ್ನು ಕಂಡು ಉಸ್ತಾದರು ಹಿಗ್ಗುತ್ತಿದ್ದರು.

ಒಂದು ಶನಿವಾರ ಅವರು ಇಂಜಿನ್ ಚಾಲೂ ಮಾಡಲೇ ಇಲ್ಲ. ಸ್ಕ್ರೂವನ್ನೇ ನೋಡುತ್ತ ಕುಳಿತರು. ಹಿಂದಿನ ವಾರ ಸ್ಕ್ರೂವಿನ ತಲೆಯಿಂದ ಕಾರ್ಬೊರೇಟರಿನ ಮೈವರೆಗೆ ಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿಟ್ಟಿದ್ದರಂತೆ. ಗೆರೆಯ ಎರಡು ತುದಿ ಈಗ ಕೂಡುತ್ತಿರಲಿಲ್ಲ.

"ಮಾಸ್ತರ, ಇದಕ ಯಾರರೆ ಕೈ ಹಚ್ಯಾರೇನ್ರೀ?"

"ಇಲ್ಲ ಉಸ್ತಾದ. ರಸ್ತಾ ಖರಾಬ ಅದ, ಕುಲುಕಾಟಕ್ಕ ತಿರುಗಿರಬೇಕು" ಎಂದೆ. ಆ ಸುಳ್ಳನ್ನು ಅವರ ಕಿವಿಯ ಹತ್ತಿರ ಬಾಗಿ ಎರಡು ಸಲ ಜೋರಾಗಿ ಹೇಳಬೇಕಾಯಿತು.

ಅವರು ನನ್ನ ಮುಖ ನೋಡಿದರು. ಸ್ಕ್ರೂಡ್ರೈವರ್ ಒರೆಸಿ ನನ್ನ ಕೈಗಿಟ್ಟರು. "ಹಂಗಾದ್ರ ನೀವ ಮಾಡ್ಕೋರಿ."

ಮತ್ತೆ ಹೋಗಲು ಮುಖವಿರಲಿಲ್ಲ. ಆ ಬೇಸಿಗೆಯಲ್ಲಿ ಕಲಬುರಗಿಗೇ ವರ್ಗವಾಯಿತು. ನಾಳೆ ಹೋದರಾಯಿತು, ಹೇಳಿದರಾಯಿತು ಅನ್ನುತ್ತ ವರ್ಷಗಳು...

ನಿನ್ನೆ ತಡೆಯಲಾರದೆ ಕಮಲಾಪುರದ ಬಸ್ ಹತ್ತಿದೆ. ಅಂಗಡಿಯಲ್ಲಿ ಅವರ ಮಗಳು ಬಿಡಿಭಾಗ ಮಾರುತ್ತಿದ್ದಳು. ಉಸ್ತಾದರು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಶನಿವಾರ ಬರುತ್ತಿದ್ದ ಮಾಸ್ತರ, ಸ್ಕ್ರೂ ತಿರುಗಿಸಿದವನು ನಾನೇ ಎಂದು ನಿಂತಲ್ಲೇ ಹೇಳಿಬಿಟ್ಟೆ.

"ಅಪ್ಪಗ ಗೊತ್ತಿತ್ರೀ" ಎಂದಳು. "ನಿಮ್ಮ ಕೈಗಿ ಸ್ಕ್ರೂಡ್ರೈವರ್ ಕೊಟ್ಟ ಮರುದಿನಾನೇ ಕಲಬುರಗಿಗಿ ಹೋಗಿ ಕಿವಿ ತೋರಿಸ್ಕೊಂಡು ಬಂದ, ಮಷೀನ್ ಹಾಕ್ಕೊಂಡ. ಆಮ್ಯಾಲ ಶನಿವಾರ ಬಂತಂದ್ರ ಎರಡು ಚಾ ತರಸ್ತಿದ್ದ. ಮಾಸ್ತರ ಬರ್ತಾರ ಅಂತಿದ್ದ."

ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಇಷ್ಟು ಹತ್ತಿರವಿದ್ದು ಅವರನ್ನೂ ಒಂಟಿ ಮಾಡಿದೆ, ನಾನೂ ಒಂಟಿಯಾದೆ.