ಒಳಕಲ್ಲಿಗೆ ಹಾಕಿದ ಶಾಪ

ಸಿನಿಮಾದ ಆಡಿಷನ್‌ಗೆ ನಾನು ಕಳಿಸಿದ ವಿಡಿಯೊಗೆ ಚಿಕ್ಕ ಉತ್ತರ ಬಂದಿತ್ತು: ಮಾತು ಚೆನ್ನಾಗಿದೆ, ಆದರೆ ಎದುರಿನವರ ಮಾತು ನಿಮಗೆ ತಾಗುತ್ತಿಲ್ಲ. ನಾಳೆ ರಾತ್ರಿಯೊಳಗೆ ಇನ್ನೊಮ್ಮೆ ಕಳಿಸಿ.

ತಾಗುವುದಾದರೂ ಹೇಗೆ? ಮಾನ್ವಿಯ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿ ಅತ್ತೆಯ ಮಾತನ್ನು ಹಾಜರಿ ಕರೆದಂತೆ ಓದಿದ್ದಳು. ನನ್ನದು ಗಂಡ ಸತ್ತ ಸೊಸೆಯ ಪಾತ್ರ. ಮನೆ ಬಿಟ್ಟು ಹೋಗೆಂದು ಅತ್ತೆ ಶಪಿಸುತ್ತಾಳೆ, ಹೋಗುವುದಿಲ್ಲ ಎಂದು ನಾನು ಹೇಳಬೇಕು. ಅಷ್ಟೇ ದೃಶ್ಯ. ಆ ಪಾತ್ರ ನನಗೆ ಬೇಕೇ ಬೇಕಿತ್ತು. ರಾಯಚೂರಿನ ನಮ್ಮ ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಏನಿದ್ದರೂ ಆದ ಮೇಲೆ ಹೇಳುವವಳು ನಾನು.

ಮರುದಿನ ಭಾನುವಾರ. ದೇವದುರ್ಗಕ್ಕೆ, ದೊಡ್ಡವ್ವನ ಮನೆಗೆ ಹೋದೆ. ಓಣಿಯ ಆ ತುದಿಯ ಕೋಳಿಯನ್ನು ಈ ತುದಿಯಿಂದಲೇ ಓಡಿಸುವ ಗಂಟಲು ಅವಳದು.

ಅವಳ ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ಬಾಗಿಲ ಬೆಳಕಿಗೆ ಮುಖ ಮಾಡಿ ನಿಂತೆ. ಹೇಳಿಕೊಟ್ಟ ಮಾತನ್ನು ದೊಡ್ಡವ್ವ ಜೋರಾಗಿ ಶುರು ಮಾಡಿದಳು.

“ನನ್ನ ಮಗನ್ನ ನುಂಗಿದಿ! ನಿನ್ನ ದೀಪ...” ಎಂದವಳು ತಡೆದು, “ನೂರ ವರ್ಷ ಉರೀಲಿ” ಎಂದಳು.

ನನಗೆ ನಗು ಬಂತು. “ಆರಲಿ ಅನ್ನಬೇಕು, ದೊಡ್ಡವ್ವ.”

“ಮದುವಿ ಆಗಬೇಕಾದ ಹುಡುಗಿಗೆ ನಾ ಹಂಗ ಅನ್ನಂಗಿಲ್ಲ. ಅದೂ ದೀಪ ಹಚ್ಚೋ ಹೊತ್ತಿನ್ಯಾಗ. ಮ್ಯಾಲ ಅಸ್ತು ಅನ್ನೋ ದೇವತಿಗಳು ಓಡಾಡತಿರ್ತಾವ.”

“ಬೈಯಾಕಿ ನೀ ಅಲ್ಲಬೇ, ಸಿನಿಮಾದ ಅತ್ತಿ.”

“ಅತ್ತಿ ಸಿನಿಮಾದಾಕಿ ಇರಬಹುದು. ಬಾಯಿ ನಂದಲ್ಲೇನು?”

ಬಾಗಿಲ ಬೆಳಕು ಹೊಸ್ತಿಲಿನತ್ತ ಸರಿಯುತ್ತಿತ್ತು. ಹಾಗೇ ಹಿಂದಿರುಗುವುದು ನನ್ನಿಂದ ಆಗದು. ಮೂಲೆಯಲ್ಲಿದ್ದ ರುಬ್ಬುವ ಒಳಕಲ್ಲು ಕಂಡಿತು.

“ನನಗ ಬ್ಯಾಡ. ಅದಕ್ಕ ಬೈ.”

ದೊಡ್ಡವ್ವ ಯೋಚಿಸಿದಳು. “ಅದಕ್ಕಾದ್ರ ಬೈತೀನಿ. ಮಿಕ್ಸಿ ಬಂದಾಗಿಂದ ಸುಮ್ಕ ಕುಂತದ. ಅದಕ್ಕ ಗಂಡಾನೂ ಇಲ್ಲ, ದೀಪಾನೂ ಇಲ್ಲ.”

ನನಗೆ ಬೆನ್ನು ಮಾಡಿ ಕೂತು ಆ ಕಲ್ಲಿಗೆ ಬೈಯತೊಡಗಿದಳು. ನಾನು ಹೇಳಿಕೊಟ್ಟಿದ್ದು ಎರಡು ಸಾಲು, ಅವಳು ನಿಲ್ಲಿಸಲಿಲ್ಲ. ಮೊದಲ ವಿಡಿಯೊದಲ್ಲಿ ನಾನು ದನಿ ಏರಿಸಿ ಉತ್ತರಿಸಿದ್ದೆ. ಈಗ ಎದುರಿಗೆ ಮುಖವೇ ಇಲ್ಲ, ಬರೀ ಬೆನ್ನು, ಜಾರಿದ ಸೆರಗು. ನನ್ನತ್ತ ತಿರುಗಲೂ ಒಲ್ಲದವಳಿಗೆ ಕೂಗಿ ಏನು ಪ್ರಯೋಜನ?

“ನಾ ಹೋಗಂಗಿಲ್ರಿ, ಅತ್ತಿ,” ಎಂದೆ. ದನಿ ನನಗೇ ಹೊಸದಾಗಿತ್ತು. ಅಲುಗಾಡದೆ ನಿಂತೆ.

ಮುಗಿಯಿತೆಂದು ನಾನು ಹೇಳಿದ ಕೂಡಲೇ ದೊಡ್ಡವ್ವ ಒಳಕಲ್ಲಿಗೆ ಒಂದು ತಂಬಿಗೆ ನೀರು ಸುರಿದಳು. ಆಮೇಲೆ ಉಪ್ಪು ತಂದು ನನಗೆ ದೃಷ್ಟಿ ತೆಗೆದಳು. “ಆ ಕಡಿ ಈ ಕಡಿ ಒಂದೀಟು ಸಿಡಿದಿದ್ರ, ಹೋಗ್ಲಿ.”

ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಅಲ್ಲಿಂದಲೇ ಕಳಿಸಿದೆ.

ನಿನ್ನೆ ಉತ್ತರ ಬಂತು. ಇನ್ನೊಂದು ದೃಶ್ಯ ಕೇಳಿದ್ದಾರೆ. ಇದರಲ್ಲಿ ಸೊಸೆಯೇ ಅತ್ತೆಗೆ ಶಾಪ ಹಾಕುತ್ತಾಳೆ. ಕೋಣೆಯಲ್ಲಿ ಒಬ್ಬಳೇ ಹೇಳಿ ನೋಡಿದೆ. ಅತ್ತೆಯ ಜಾಗದಲ್ಲಿ ದೊಡ್ಡವ್ವನ ಮುಖ ನೆನೆದ ಕೂಡಲೇ ಕೊನೆಯ ಪದವನ್ನು ಹೇಳದೆ ಬಿಟ್ಟೆ. ಸಂಜೆಯಾಗಿರಲೂ ಇಲ್ಲ.

ಬರುವ ಭಾನುವಾರ ಮತ್ತೆ ದೇವದುರ್ಗದ ಬಸ್ ಹತ್ತುತ್ತೇನೆ. ಈ ಸಲ ಒಳಕಲ್ಲನ್ನು ಎಳೆದು ಕ್ಯಾಮೆರಾದ ಪಕ್ಕಕ್ಕೇ ಇಡಬೇಕು, ಶಾಪ ಹಾಕುವಾಗ ನನ್ನ ಕಣ್ಣು ಅದರ ಮೇಲೇ ಇರುವಂತೆ.