ನಾಲ್ಕು ಮಿಲ್ಕೊಗೆ

ಪ್ಲೊವ್ದಿವ್‌ನ ಹಳೇ ಪೇಟೆಗೆ ಬರುವ ಪರದೇಶದವರಿಗೆ ಊರು ತೋರಿಸುತ್ತ ರುಮ್ಯಾನಾ ಹತ್ತೊಂಬತ್ತು ವರ್ಷ ಸವೆಸಿದ್ದಳು. ಗಂಡ ಮಿಲ್ಕೊನನ್ನು ಮಣ್ಣು ಮಾಡಿದ ಮೂರನೇ ದಿನಕ್ಕೇ ಕೆಲಸಕ್ಕೆ ಹಾಜರಾದಳು. ಗಟ್ಟಿಗಿತ್ತಿ ಎಂದರು ಜನ. ಎಲ್ಲಿಯ ಗಟ್ಟಿತನ? ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೇ. ಬಿಕ್ಕಿ ಅತ್ತದ್ದೂ ಇಲ್ಲ.

ಬಾಯಿ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. "ಯಾರ ಮನೆಗೆ ಹೋದ್ರೂ ಚಪ್ಪಲಿ ಬಾಗಿಲಲ್ಲೇ ಬಿಡಿ. ಕೊಟ್ಟಿದ್ದನ್ನ ಬೇಡ ಅನ್ಬೇಡಿ, ಬೇಜಾರ್ ಮಾಡ್ಕೋತಾರೆ. ಹೂ ತಗೊಂಡ್ಹೋದ್ರೆ ಬೆಸ ಇರ್ಲಿ, ಮೂರೋ ಐದೋ. ಜೋಡಿ ಲೆಕ್ಕದ ಹೂ ಸತ್ತೋರಿಗೆ."

ಇಷ್ಟು ಹೇಳುವವಳು ಪ್ರತಿ ಶನಿವಾರ ಗಂಡನ ಗೋರಿಗೆ ಒಯ್ಯುತ್ತಿದ್ದುದು ಮೂರೇ ಹೂ! ಅಂಗಡಿಯಲ್ಲಿ 'ನಾಲ್ಕು' ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ನಾಲ್ಕು ಎಂದರೆ ಮಿಲ್ಕೊ ಇಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಹೋದ ವಾರ ಮಿಲ್ಕೊನ ಅಕ್ಕ ಪೆನ್ಕಾ ರೇಗಿ ಒಂದು ಹೂವನ್ನು ಕಿತ್ತೆಸೆದಿದ್ದಳು.

"ಊರಿಗೆಲ್ಲ ಬುದ್ಧಿ ಹೇಳೋಳು, ನಿಂಗೇ ತಿಳಿಯಲ್ವೇನೇ? ನನ್ನ ತಮ್ಮ ಹೋದ. ಅವನನ್ನ ನೆಮ್ಮದಿಯಾಗಿ ಹೋಗಕ್ ಬಿಡು. ನಲವತ್ತನೇ ದಿನದ ತಿಥಿಗೂ ಬೆಸ ಹಿಡ್ಕೊಂಡ್ ಬಂದ್ಯೋ, ಗೋರಿ ಹತ್ರ ಸೇರ್ಸಲ್ಲ!"

ಆ ನಲವತ್ತನೇ ದಿನ ಬಂದೇಬಿಟ್ಟಿತು. ಮಧ್ಯಾಹ್ನ ಗೋರಿಯ ಬಳಿ ಎಲ್ಲರೂ ಸೇರುವುದಿತ್ತು. ಬೆಳಿಗ್ಗೆ ಎಂದಿನಂತೆ ನಾರ್ವೆಯ ಗುಂಪೊಂದನ್ನು ಕರೆದುಕೊಂಡು ಹೊರಟಳು. ದಾರಿಯಲ್ಲೇ ಅವಳ ಮನೆ.

"ಬಾಗಿಲ ಮೇಲೆ ಫೋಟೊ ಇರೋ ಕಾಗದ ಅಂಟಿಸಿದ್ರೆ, ಆ ಮನೇಲಿ ಯಾರೋ ತೀರ್ಕೊಂಡಿದಾರೆ ಅಂತ. ಅದರ ಫೋಟೊ ತೆಗೀಬೇಡಿ."

"ಪಾಪ, ಯಾರಮ್ಮ ಇವರು?" ಎಂದಳು ಗುಂಪಿನ ಮುದುಕಿ.

"ಮಿಲ್ಕೊ. ಐವತ್ತೆಂಟು ವರ್ಷ. ನನ್ನ ಗಂಡ. ಮುಂದೆ ಮೆಟ್ಟಿಲಿದೆ, ಜೋಪಾನ."

ಅದೇ ಸ್ವರ, ಅದೇ ಓಟ. ಬೀಳ್ಕೊಡುವಾಗ ಮುದುಕಿ ಐದು ಬಿಳಿ ಹೂ ತಂದು ಅವಳ ಕೈಗಿಟ್ಟಳು.

"ಎಣಿಸಿ ತಂದಿದೀನಿ ಕಣಮ್ಮ. ಬದುಕಿರೋರಿಗೆ ಬೆಸ ಅಂದ್ರಲ್ಲ. ಇದು ನಿಮಗೆ."

ನಲವತ್ತು ದಿನದಲ್ಲಿ ಅವಳಿಗೆಂದು ಯಾರೂ ಏನೂ ತಂದಿರಲಿಲ್ಲ. ಬೇರೆ ಹೂ ಕೊಳ್ಳುವ ಯೋಚನೆಯೂ ಹೊಳೆಯದೆ ಅದನ್ನೇ ಹಿಡಿದು ಸ್ಮಶಾನಕ್ಕೆ ನಡೆದಳು.

ಬೇಯಿಸಿದ ಸಿಹಿ ಗೋಧಿಯ ತಟ್ಟೆ ಹಿಡಿದು ನಿಂತಿದ್ದ ಪೆನ್ಕಾ ದೂರದಿಂದಲೇ ಹೂ ಎಣಿಸಿದಳು.

"ಐದು! ಬಂದ್ಲಪ್ಪ ಮಹಾರಾಯ್ತಿ. ಅಷ್ಟು ಹೇಳಿದ್ದೂ ಗೋಡೆಗೆ ಹೇಳ್ದಂಗಾಯ್ತಲ್ಲೇ!"

ರುಮ್ಯಾನಾ ಮಂಡಿಯೂರಿ ಮಣ್ಣಿನ ಮೇಲೆ ಒಂದು ಹೂ ಇಟ್ಟಳು. ಎರಡು. ಮೂರು. ಅಲ್ಲಿ ಕೈ ತಡೆಯಿತು. ಎಷ್ಟೋ ಹೊತ್ತಿನ ಮೇಲೆ ನಾಲ್ಕನೆಯದನ್ನೂ ಇಟ್ಟಳು.

ಪೆನ್ಕಾಳ ಸಿಟ್ಟು ಇಳಿಯಿತು. "ಇನ್ನೊಂದು?" ಎಂದಳು ಮೆಲ್ಲಗೆ.

"ಇದು ನಂದು, ಅಕ್ಕ," ಎಂದ ರುಮ್ಯಾನಾ ಆ ಒಂದನ್ನು ಎದೆಗೊತ್ತಿಕೊಂಡು, ಸ್ಮಶಾನವೆಲ್ಲ ತಿರುಗಿ ನೋಡುವಂತೆ ಗೋಳೋ ಎಂದು ಅತ್ತಳು.