ಉಡಿ ತುಂಬಿಸಿಕೊಂಡ ಲೆಫ್ಟ್ ಕಾರ್ನರ್

ಯಾದಗಿರಿ ಜಿಲ್ಲೆಯಲ್ಲಿ ಈ ವರ್ಷ ಇತ್ಯರ್ಥವಾಗಬೇಕಾದ ಘನ ವಿಷಯಗಳು ಹಲವಿವೆ. ಕಾಲುವೆಗೆ ನೀರು ಎಂದು ಬಿಡಬೇಕು, ಹತ್ತಿಗೆ ದರ ಎಷ್ಟು, ಯಾವ ರೈಲು ಎಷ್ಟು ನಿಮಿಷ ನಿಲ್ಲಬೇಕು. ಇವುಗಳ ಸಾಲಿನಲ್ಲಿ, ಒಂದು ಗುಂಜಿಯೂ ಕಡಿಮೆಯಿಲ್ಲದ ಗಾಂಭೀರ್ಯದಿಂದ ನಿಂತಿರುವುದು ಒಂದು ಅರ್ಜಿ ನಮೂನೆಯ ಏಳನೆಯ ಕಾಲಮ್ಮು. ಅಳೆದರೆ ಹೆಬ್ಬೆರಳಿನಷ್ಟು ಉದ್ದ. ಅದರ ಪಕ್ಕದಲ್ಲಿ ‘ಉದ್ಯೋಗ’ ಎಂದು ಅಚ್ಚಾಗಿದೆ. ಅಲ್ಲಿ ಏನು ಬರೆಯಬೇಕೆಂದು ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ, ಒಬ್ಬ ವಕೀಲ, ಒಬ್ಬ ಬ್ಯಾಂಕ್ ಮ್ಯಾನೇಜರ್ ಮತ್ತು ಒಬ್ಬ ಹತ್ತಿ ವ್ಯಾಪಾರಿ ಎಂಟು ತಿಂಗಳಿಂದ ಯೋಚಿಸುತ್ತಿದ್ದಾರೆ.

ಅರ್ಜಿ ಹಾಕಿದವಳು ಮಾತ್ರ ಬೆಳಗಿನ ಐದೂವರೆಗೆ ದೇವಾಪುರದ ಶಾಲೆಯ ಬಯಲಿನಲ್ಲಿ ಬಗ್ಗಿ ನಿಂತಿದ್ದಾಳೆ. ಹೆಸರು ದಾನೇಶ್ವರಿ, ವಯಸ್ಸು ಇಪ್ಪತ್ತಾರು. ಬಲ ಮೊಣಕಾಲಿಗೆ ಹಳೆಯ ಸೀರೆಯ ಅಂಚು ಬಿಗಿದಿದ್ದಾಳೆ. ಸುಣ್ಣದಲ್ಲಿ ತಾನೇ ಎಳೆದ ಕಬಡ್ಡಿ ಅಂಕಣದ ಎಡ ಮೂಲೆಯಲ್ಲಿ ನಿಂತು, ಎದುರಿಗೆ ಇಲ್ಲದ ಆಟಗಾರ್ತಿಯ ಇಲ್ಲದ ಪಾದವನ್ನೇ ದಿಟ್ಟಿಸುತ್ತಾಳೆ. ಒಮ್ಮೆಲೇ ಎರಡೂ ಕೈ ಚಾಚಿ ಮುಂದಕ್ಕೆ ಬೀಳುತ್ತಾಳೆ. ಏಳುವಾಗ ಮೊದಲು ಎಡಗಾಲು ಊರುತ್ತಾಳೆ, ಆಮೇಲೆ ಅಂಗೈ, ಕಡೆಗೆ ಬಲಗಾಲು. ಈ ಲೆಕ್ಕದಲ್ಲಿ ಏಳಲು ಕಲಿಯಲು ಅವಳಿಗೆ ನಾಲ್ಕು ತಿಂಗಳು ಹಿಡಿದಿದೆ.

ಹತ್ತಿ ಬಿಡಿಸಲು ಹೊರಟ ಹೆಂಗಸರನ್ನು ತುಂಬಿಕೊಂಡ ಟಂಟಂ ಆಟೊ ಬಯಲಿನ ಬದಿಗೆ ನಿಧಾನವಾಗುತ್ತದೆ. ಓಣಿಯ ಮಲ್ಲಾಬಾಯಿ ಒಳಗಿನಿಂದ ಕೂಗುತ್ತಾಳೆ: “ಏನವಾ ದಾನೀ, ಮುಂಜಾನಿ ಮುಂಜಾನಿ ಯಾರ ಕಾಲು ಹಿಡಿಯಾಕತ್ತಿ? ಅಲ್ಲಿ ಯಾರೂ ಇಲ್ಲಲ್ಲ!”

“ಇವತ್ತು ಯಾದಗಿರಿಗೆ ಹೊಂಟೀನಿ ಚಿಗವ್ವಾ. ಅಲ್ಲಿ ಭಾಳ ಮಂದೀದು ಹಿಡಿಯೋದೈತಿ. ರೂಢಿ ಮಾಡ್ಕೊಳ್ಳಾಕತ್ತೀನಿ.”

ಟಂಟಂ ತುಂಬ ನಗೆ. ದಾನೇಶ್ವರಿ ನಗುವುದಿಲ್ಲ. ಇವತ್ತು ಅವಳ ಅರ್ಜಿಯ ಕೊನೆಯ ವಿಚಾರಣೆ.

ಕಬಡ್ಡಿ ಅವಳಿಗೆ ಹಂಬಲಿಸಿ ಸಿಕ್ಕಿದ್ದಲ್ಲ. ಸರಕಾರಿ ಹೈಸ್ಕೂಲಿನಲ್ಲಿ ತಂಡಕ್ಕೆ ಏಳನೆಯವಳು ಸಿಗಲಿಲ್ಲ. ಡ್ರಿಲ್ ಮಾಸ್ತರರು ನೀರು ತರಲು ಹೊರಟಿದ್ದವಳ ಕೊಡ ಇಳಿಸಿ ಮೂಲೆಯಲ್ಲಿ ನಿಲ್ಲಿಸಿದರು. ಅವತ್ತು ಅವಳು ಹಿಡಿದ ಕಾಲನ್ನು ಬಿಡಿಸಿಕೊಳ್ಳಲು ಸುರಪುರದ ಹುಡುಗಿಗೆ ಆಗಲಿಲ್ಲ. ತಾಯಿ ಲಾಲಮ್ಮ ಕೂಲಿ ಮಾಡುವವಳು, ಹತ್ತಿ, ಮೆಣಸಿನಕಾಯಿ, ಭತ್ತದ ನಾಟಿ, ಋತುಮಾನಕ್ಕೆ ತಕ್ಕಂತೆ. “ಹಿಡಿದದ್ದು ಬಿಡೂದಿಲ್ಲ ಅನ್ನೋದು ನಮ್ಮ ಮನಿತನದಾಗ ಐತ್ರಿ” ಎನ್ನುತ್ತಾಳೆ ಲಾಲಮ್ಮ. “ಹಿಡಿಯಾಕ ಏನರ ಸಿಗಬೇಕಷ್ಟ.”

ಸಿಕ್ಕಿತು. ಶಹಾಪುರದ ಹತ್ತಿ ವ್ಯಾಪಾರಿ ನೀಲಕಂಠಪ್ಪ ಸಾವ್ಕಾರರು ಹೆಣ್ಣುಮಕ್ಕಳ ಲೀಗಿಗೆ ‘ಸಗರನಾಡ ಸಿಂಹಿಣಿಯರು’ ಎಂಬ ತಂಡ ಕಟ್ಟಿದಾಗ ಲೆಫ್ಟ್ ಕಾರ್ನರ್ ಆಗಿ ಮೊದಲು ಕರೆಸಿದ್ದು ದಾನೇಶ್ವರಿಯನ್ನೇ. ಮೂರು ಋತು, ಅರವತ್ತೊಂದು ಪಂದ್ಯ, ಅವಳ ಕೈಗೆ ಸಿಕ್ಕಿ ಔಟಾದವರು ನೂರಾ ಎಂಬತ್ತೆಂಟು ಮಂದಿ. ಅಂಕಿ ಅವಳಿಗೆ ಬಾಯಿಪಾಠ.

ಆ ಮೂರು ವರ್ಷದ ದಿನಚರಿಯೂ ಬಾಯಿಪಾಠ. ನಾಲ್ಕೂವರೆಗೆ ಸೀಟಿ. ಎಂಟು ಕಿಲೋಮೀಟರ್ ಓಟ, ಮುನ್ನೂರು ಬೈಠಕ್. ಸೋಮವಾರ ತೂಕ, ಅರವತ್ತೆರಡು ಕಿಲೋ ದಾಟಿದರೆ ಆ ವಾರ ಅನ್ನ ಬಂದ್. ಸಂಜೆ ಏಳಕ್ಕೆ ಫೋನು ಒಪ್ಪಿಸಬೇಕು. ಸಾವ್ಕಾರರ ಹುಟ್ಟುಹಬ್ಬಕ್ಕೆ ಜರ್ಸಿ ತೊಟ್ಟು ಸಾಲಾಗಿ ನಿಲ್ಲಬೇಕು. ಬೇರೆ ಊರಿನವರು ಕರೆದರೆ ಆಡುವಂತಿಲ್ಲ. ಹತ್ತಿಬೀಜದ ಚೀಲದ ಮೇಲೆ ಅವಳ ಚಿತ್ರ ಅಚ್ಚಾದದ್ದನ್ನು ಅವಳಿಗೆ ತಿಳಿಸಿದವಳು ಲಾಲಮ್ಮ. ದೋರನಹಳ್ಳಿಯ ಹೊಲವೊಂದರಲ್ಲಿ ಬಿದ್ದಿದ್ದ ಖಾಲಿ ಚೀಲ ಮಡಚಿ ಮನೆಗೆ ತಂದಿದ್ದಳು.

“ಏಳು ಅಂದ್ರ ಏಳಬೇಕು, ಕೂಡು ಅಂದ್ರ ಕೂಡಬೇಕು. ಅನ್ನ ಎಷ್ಟು ಉಣ್ಣಬೇಕು ಅನ್ನೋದನ್ನೂ ಅವ್ರ ಹೇಳ್ತಿದ್ರು” ಎನ್ನುತ್ತಾಳೆ ದಾನೇಶ್ವರಿ. “ನಮ್ಮವ್ವ ಕೂಲಿಗೆ ಹೋದ್ರೂ ಬುತ್ತಿ ಮಾತ್ರ ತನಗ ಬೇಕಾದಷ್ಟು ಕಟ್ಗೊಂಡು ಹೋಗ್ತಾಳ್ರಿ.”

ಇಷ್ಟಾಗಿಯೂ ಅವಳು ಯಾರ ಆಳೂ ಅಲ್ಲ. ಸಹಿ ಹಾಕಿದ ಹನ್ನೊಂದು ಪುಟದ ಕರಾರಿನ ಒಂಬತ್ತನೆಯ ಕಲಮು ಹೀಗಿದೆ: ‘ಆಟಗಾರ್ತಿಯು ತಂಡದ ನೌಕರಳಲ್ಲ, ಸ್ವತಂತ್ರ ಕ್ರೀಡಾ ಉದ್ಯಮಿ.’ ಉದ್ಯಮಿಯ ಉದ್ಯಮಕ್ಕೆ ಏನಾದರೂ ಆದರೆ ಉದ್ಯಮಿಯೇ ಹೊಣೆ. “ನಾ ಉದ್ಯಮಿ ಅಂತ ನನಗ ಗೊತ್ತಾಗಿದ್ದು ಕಾಲು ಹೋದ ಮ್ಯಾಲೆ” ಎನ್ನುತ್ತಾಳೆ. “ಮೊದಲ ಗೊತ್ತಿದ್ರ ಒಂದು ದಿನ ರಜಾನರ ಹಾಕ್ತಿದ್ದೆ.”

ಕಾಲು ಹೋದದ್ದು ಹುಣಸಗಿಯಲ್ಲಿ, ಸೆಮಿಫೈನಲ್ಲಿನ ಕೊನೆಯ ನಿಮಿಷ. ಸಿಮೆಂಟಿನ ನೆಲದ ಮೇಲೆ ಮ್ಯಾಟು ಹಾಸಿದ್ದರು. ಅವಳು ಪಾದ ಹಿಡಿದಳು, ಬಿಡಲಿಲ್ಲ; ಹಿಡಿಸಿಕೊಂಡವಳೂ, ನೆರವಿಗೆ ಬಂದ ತನ್ನ ತಂಡದ ಇಬ್ಬರೂ ಒಟ್ಟಿಗೆ ಅವಳ ಮೊಣಕಾಲಿನ ಮೇಲೆ ಬಿದ್ದರು. ತಂಡ ಗೆದ್ದಿತು. ಒಳಗಿನ ಲಿಗಮೆಂಟು ಹರಿದಿತ್ತು. ಸರಕಾರಿ ಆರೋಗ್ಯ ಕಾರ್ಡಿನಲ್ಲಿ ತೋರಿಸಿದಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ: “ನಡಿಯಾಕ ಈ ಕಾಲು ಸಾಕವ್ವಾ. ಆಡಾಕ ಬೇರೆ ಆಪರೇಷನ್ ಬೇಕು, ಅದು ಈ ಕಾರ್ಡಿನಾಗ ಬರಂಗಿಲ್ಲ. ವರ್ಷದೊಳಗ ಆಗಬೇಕು. ಆಮ್ಯಾಲೆ ಮಾಡಿಸಿದ್ರೂ ಅಷ್ಟ, ಬಿಟ್ರೂ ಅಷ್ಟ.”

ಉದ್ಯಮಿ ಎಂದ ಮೇಲೆ ಸಾಲ ಸಿಗಬೇಕು. ಕರಾರು ಹಿಡಿದು ಅವಳು ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಸಜ್ಜನರು, ಕೂಡಿಸಿ ಮಾತಾಡಿಸಿದರು.

“ದುಕಾನ ಎಲ್ಲೈತಿ?”

“ದುಕಾನ ಇದ ರೀ” ಎಂದು ದಾನೇಶ್ವರಿ ಮೊಣಕಾಲು ತೋರಿಸಿದಳು.

ಮ್ಯಾನೇಜರ್ ಮೊಣಕಾಲನ್ನೂ ಕರಾರನ್ನೂ ನೋಡಿದರು. “ಹಂಗಾದ್ರ ದುಕಾನ ಬಂದಾಗೇತಲ್ಲವಾ. ಬಂದಾದ ದುಕಾನಕ್ಕ ಸಾಲ ಹೆಂಗ ಕೊಡೂದು?”

ಉಳಿದದ್ದು ಒಂದೇ ದಾರಿ. ಕೆಲಸ ಮಾಡುವಾಗ ಕೈಕಾಲು ಕಳೆದುಕೊಂಡವರ ಅರ್ಜಿ ತೆಗೆದುಕೊಳ್ಳುವ ಕಚೇರಿ ಯಾದಗಿರಿಯಲ್ಲಿದೆ. ಅಲ್ಲಿ ಅವಳನ್ನು ಕಾರ್ಮಿಕಳೆಂದು ಒಪ್ಪಿದರೆ ಆಪರೇಷನ್ನು ತಂಡದ ತಲೆಗೆ. ಒಪ್ಪದಿದ್ದರೆ ಆಟ ಮುಗಿಯಿತು. ವರ್ಷ ತುಂಬಲು ಇನ್ನು ಇಪ್ಪತ್ತಮೂರು ದಿನ.

ತಾಯಿ ಮಗಳು ಸುರಪುರದಲ್ಲಿ ಒಂದು ಬಸ್ಸು, ಶಹಾಪುರದಲ್ಲಿ ಇನ್ನೊಂದು ಬಸ್ಸು ಹಿಡಿದು ಹನ್ನೊಂದಕ್ಕೆ ಕಚೇರಿ ಮುಟ್ಟುತ್ತಾರೆ. ಕೈಕಾಲು ಕಳೆದುಕೊಂಡವರ ಕಚೇರಿ ಎರಡನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ದಾನೇಶ್ವರಿ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸುತ್ತ ಏರುತ್ತಾಳೆ. ಗುಮಾಸ್ತ ಕಾಂತೇಶ ಬಾಗಿಲಲ್ಲಿ ನಿಂತು ನೋಡುತ್ತಾನೆ. “ಬಾ ತಂಗಿ. ನಿನ್ನ ಫೈಲು ಈಗ ನನಗಿಂತ ದಪ್ಪ ಆಗೇತಿ. ಇವತ್ತರ ಇಳಿಸೂಣು.”

ಹೋದ ವಿಚಾರಣೆ ಚೆನ್ನಾಗಿಯೇ ನಡೆದಿತ್ತು. ಈಕೆ ಉದ್ಯಮಿ ಎಂದು ತಂಡದ ವಕೀಲರು ಕರಾರು ಓದಿದಾಗ, ಅಧಿಕಾರಿ ಕನ್ನಡಕ ಇಳಿಸಿ ಕೇಳಿದ್ದರು: “ತಾನು ಎಷ್ಟು ಅನ್ನ ಉಣ್ಣಬೇಕು ಅನ್ನೋದು ತನ್ನ ಕೈಯಾಗ ಇಲ್ಲದ ಉದ್ಯಮಿ ಎಂಥಾವಳ್ರಿ ವಕೀಲ್ರ?” ವಕೀಲರು ಸಮಯ ಕೇಳಿದ್ದರು. ಇವತ್ತು ಅವರು ಕರಾರು ತಂದಿಲ್ಲ. ಒಂದು ಫೋಟೊ ತಂದಿದ್ದಾರೆ.

“ಸರ್, ನೌಕರಳು, ಉದ್ಯಮಿ, ಆ ಮಾತು ಬಿಡ್ರಿ. ಈಕಿ ನಮ್ಮ ಸಾವ್ಕಾರ್ರ ಮನಿಮಗಳು. ನೋಡ್ರಿ ಇಲ್ಲಿ.”

ಫೋಟೊದ ಕತೆ ಇಷ್ಟು. ಕಾಲು ಹೋದ ಮೂರನೆಯ ವಾರ ಸಾವ್ಕಾರರು ಕಾರು ಕಳಿಸಿದರು. ಆಪರೇಷನ್ ಮಾತಿರಬೇಕೆಂದು ತಾಯಿ ಮಗಳು ಲಗುಬಗೆಯಿಂದ ಶಹಾಪುರಕ್ಕೆ ಹೋದರು. ಸಾವ್ಕಾರರ ಹೆಂಡತಿ ಶಾಂಭವಿ ಅಕ್ಕೋರು ಹಸಿರು ಸೀರೆ, ಖಣ, ತೆಂಗಿನಕಾಯಿ, ಅರಿಷಿಣ ಬೇರು, ಐದು ಹಿಡಿ ಅಕ್ಕಿ ಇಟ್ಟುಕೊಂಡು ನಿಂತಿದ್ದರು. ತವರಿನಿಂದ ಹೊರಟ ಮಗಳಿಗೆ ತುಂಬುವ ಹಾಗೆ ದಾನೇಶ್ವರಿಗೆ ಉಡಿ ತುಂಬಿದರು, ಫೋಟೊ ತೆಗೆಸಿದರು. ಈ ಸೀಮೆಯಲ್ಲಿ ಉಡಿ ಎಂದರೆ ಸೆರಗೊಡ್ಡಲೇಬೇಕು. ಬೇಡ ಎನ್ನುವುದು ಅಪಶಕುನ; ತುಂಬಿಸಿಕೊಂಡ ಮೇಲೆ ಹೊಸ್ತಿಲಲ್ಲಿ ನಿಂತು ಇನ್ನೊಂದು ಕೇಳುವುದು ಅದಕ್ಕಿಂತ ಕೆಟ್ಟದ್ದು. “ಮುಂದಕ್ಕ ಆಪರೇಷನ್...” ಎಂದು ದಾನೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಲಾಲಮ್ಮನೇ ಮಗಳ ಮೊಣಕೈ ಚಿವುಟಿದ್ದಳು. ತುಂಬಿದ ಉಡಿ ಹೊತ್ತು, ಕುಂಟುತ್ತ, ಇಬ್ಬರೂ ಇಳಿದು ಬಂದರು.

ಇಳಿದು ಬಂದದ್ದು ಹೊರಗಿನ ಕಟ್ಟೆಯಿಂದ. ಮೂರು ವರ್ಷ ಆ ಮನೆತನದ ಹೆಸರನ್ನು ಎದೆಯ ಮೇಲೆ ಹೊತ್ತು ಆಡಿದ ಮಗಳು, ಆ ಮನೆಯ ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಇಂದಿಗೂ ಹೇಳಲಾರಳು. ಅವಳ ಓಣಿಯ ಹೆಣ್ಣುಮಕ್ಕಳು ಆ ಕಟ್ಟೆ ದಾಟಿದ್ದು ಯಾರಿಗೂ ನೆನಪಿಲ್ಲ. ಅವತ್ತು ಕುಡಿಯಲು ನೀರು ಕೊಟ್ಟದ್ದು, ಕುಡಿದು ಬಿಸಾಡುವ ಲೋಟದಲ್ಲಿ.

ಅಧಿಕಾರಿ ಫೋಟೊ ಹಿಡಿದು ಕೇಳುತ್ತಾರೆ: “ಇದರಾಗ ಇರೋದು ನೀನೇನವ್ವಾ?”

“ಹೌದ್ರಿ.”

“ಉಡಿ ಖುಷಿಲೆ ತುಂಬಿಸ್ಕೊಂಡೆಯೋ, ಜುಲುಮಿಲೆ ತುಂಬಿದ್ರೋ?”

ಜುಲುಮೆ ಎಂದುಬಿಟ್ಟರೆ ಕೆಲಸ ಆಗುತ್ತದೆ. ಕಾಂತೇಶ ಬರೆಯುವುದನ್ನು ನಿಲ್ಲಿಸಿ, ತಲೆ ಎತ್ತಿ ಅವಳ ಬಾಯಿಯನ್ನೇ ನೋಡುತ್ತಾನೆ. ದಾನೇಶ್ವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. “ಉಡಿ ಯಾರರ ಜುಲುಮಿಲೆ ತುಂಬ್ತಾರೇನ್ರಿ ಸಾಹೇಬ್ರ?”

“ಬರಕೊಳ್ರಿ” ಎನ್ನುತ್ತಾರೆ ವಕೀಲರು, ಮೆಲ್ಲಗೆ. “ಇನ್ನ ಒಂದ ಮಾತು ಸರ್. ಕೂಲಿಯಾಳಿಗೆ ಯಾರರ ಉಡಿ ತುಂಬಿ ಕಳಸಿದ್ದು ನೋಡೀರೇನು? ಉಡಿ ತುಂಬಿಸ್ಕೊಂಡು ಹೋದ ಮಗಳು ಅಪ್ಪನ ಮ್ಯಾಲೆ ಅರ್ಜಿ ಹಾಕಿದ್ದು?”

ಅಧಿಕಾರಿ ತಮ್ಮ ಹದಿನೇಳು ವರ್ಷದ ನೌಕರಿಯಲ್ಲಿ ಎರಡನ್ನೂ ನೋಡಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ಲಾಲಮ್ಮ ಏಳುತ್ತಾಳೆ.

“ಸಾಹೇಬ್ರ, ನಂದೊಂದು ಮಾತು. ಮಗಳಾದ್ರ ಪಾಲು ಕೊಡ್ಲಿ. ಆಳಾದ್ರ ಕಾಲು ಕೊಡ್ಲಿ. ಎರಡ್ರಾಗ ಯಾವ್ದರ ಒಂದು ಆಗ್ಲಿ.”

ಕೋಣೆ ತುಂಬ ನಗೆ. ವಕೀಲರೂ ನಗುತ್ತಾರೆ, ಒಳ್ಳೆಯ ಮಾತಿಗೆ ಯಾದಗಿರಿಯಲ್ಲಿ ಯಾರೂ ಜಿಪುಣತನ ಮಾಡುವುದಿಲ್ಲ. ಆದರೆ ಲಾಲಮ್ಮ ಅರ್ಜಿದಾರಳಲ್ಲ, ಸಾಕ್ಷಿಯೂ ಅಲ್ಲ. ಕಾಂತೇಶನ ಪೆನ್ನು ಆ ಮಾತಿನ ಮೇಲೆ ಒಂದು ಗಳಿಗೆ ತೂಗಾಡಿ, ಕಾಗದ ಮುಟ್ಟದೆ ಹಿಂದೆ ಸರಿಯುತ್ತದೆ. ಅವತ್ತಿನ ಕಡತದಲ್ಲಿ ದಾಖಲಾದದ್ದು: ‘ಉಡಿಯನ್ನು ಸ್ವಇಚ್ಛೆಯಿಂದ ಸ್ವೀಕರಿಸಿದ್ದಾಗಿ ಅರ್ಜಿದಾರಳು ಒಪ್ಪಿರುತ್ತಾಳೆ.’

ಕೆಳಗೆ ಚಹಾದಂಗಡಿಯ ಬೆಂಚಿನ ಮೇಲೆ ಲಾಲಮ್ಮ ಮಗಳ ಮೊಣಕಾಲಿನ ಸೀರೆಯಂಚು ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಆಮೇಲೆ ಹೇಳುತ್ತಾಳೆ, “ನಾನ ಚಿವುಟಿದೆ. ಆವತ್ತ ಬಾಯಿ ಬಿಟ್ಟು ಕೇಳಾಕ ಬಿಡಬೇಕಿತ್ತು.”

“ಆ ಅಕ್ಕಿ ಅನ್ನ ಮಾಡಿ ಉಂಡೀವಿ ಬಿಡವ್ವಾ” ಎನ್ನುತ್ತಾಳೆ ಮಗಳು. “ಮೂರು ವರ್ಷದಾಗ ಅವ್ರ ಮನಿದು ತೂಕ ಮಾಡದ ಉಂಡ ಅನ್ನ ಅದೊಂದ.”

ಗೆದ್ದರೆ ಏನು ಮಾಡುತ್ತೀ ಎಂದು ಕೇಳಿದರೆ ಅವಳು ಕಪ್ ಎತ್ತುವ ಮಾತಾಡುವುದಿಲ್ಲ. “ಈಕಿ ದುಡಿದಾಳ ಅಂತ ಒಂದು ಸಾಲು ಸರಕಾರಿ ಕಾಗದದಾಗ ಬರೀಲ್ರಿ. ನಮ್ಮವ್ವ ನಲವತ್ತು ವರ್ಷ ದುಡಿದಾಳ, ಆಕಿದು ಎಲ್ಲೂ ಬರದಿಲ್ಲ. ನಂದರ ಬರೀಲಿ.” ಚಹಾದ ಲೋಟ ಕೆಳಗಿಟ್ಟು ಸೇರಿಸುತ್ತಾಳೆ, “ನೂರಾ ಎಂಬತ್ತೆಂಟು ಕಾಲು ಹಿಡಿದೀನ್ರಿ. ಒಂದೂ ಮಗಳಂತ ಹಿಡಿದದ್ದಲ್ಲ.”

ವಿಚಾರಣೆಯಾದ ಹತ್ತೊಂಬತ್ತನೆಯ ದಿನ ಆದೇಶ ಅಂಚೆಯಲ್ಲಿ ದೇವಾಪುರಕ್ಕೆ ಬರುತ್ತದೆ. ಎರಡು ಪುಟ. ಮಾಲೀಕ ಮತ್ತು ಕಾರ್ಮಿಕ ಎಂಬ ಸಂಬಂಧ ಸಾಬೀತಾಗಿಲ್ಲ. ಹಾಗಾದರೆ ಅರ್ಜಿದಾರಳು ಏನು ಎಂಬುದನ್ನು ನಿರ್ಧರಿಸುವುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಅರ್ಜಿ ವಜಾ.

ದಾನೇಶ್ವರಿಗೆ ಆಪರೇಷನ್ ಆಗಲಿಲ್ಲ. ಅವಳು ಈಗ ತಾಯಿಯ ಜೊತೆ ಹತ್ತಿ ಬಿಡಿಸಲು ಹೋಗುತ್ತಾಳೆ. ಸಗರನಾಡ ಸಿಂಹಿಣಿಯರು ಹೊಸ ಲೆಫ್ಟ್ ಕಾರ್ನರ್ ತೆಗೆದುಕೊಂಡಿದ್ದಾರೆ. ಕರಾರು ಅದೇ ಹನ್ನೊಂದು ಪುಟ, ಸಹಿ ಆಗಿದೆ.